ಮಾತ್ರೆ ನಿಲ್ಲಬಾರದು, ದೇಣಿಗೆಯೂ

ನೆರೆ ಬಂದಾಗ ಜನ ಕೈ ಬಿಚ್ಚಿ ಕೊಡುತ್ತಾರೆ. ನೀರು ಇಳಿಯುತ್ತದೆ, ಕೊಡುವುದೂ ನಿಲ್ಲುತ್ತದೆ. ಎಚ್‌ಐವಿ ವಿರುದ್ಧದ ಹೋರಾಟಕ್ಕೆ ಈ ರೀತಿ ಒಗ್ಗುವುದಿಲ್ಲ. ಇಲ್ಲಿ ಎಷ್ಟು ಕೊಟ್ಟಿರಿ ಎಂಬುದಕ್ಕಿಂತ ತಪ್ಪದೆ ಕೊಡುತ್ತಿದ್ದೀರಾ ಎಂಬುದು ದೊಡ್ಡದು. ಕಾರಣ ವೈರಸ್ಸಿನ ವರ್ತನೆಯಲ್ಲೇ ಇದೆ.

ಎಚ್‌ಐವಿ ಹಿಡಿಯುವುದು ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು, ಅಂದರೆ ನಮ್ಮ ರೋಗನಿರೋಧಕ ಪಡೆಯ ಮುಂದಾಳುಗಳನ್ನೇ. ಒಳಹೊಕ್ಕ ವೈರಸ್ ತನ್ನ ಆರ್‌ಎನ್‌ಎಯನ್ನು ಒಂದು ಕಿಣ್ವದ ನೆರವಿನಿಂದ ಡಿಎನ್‌ಎ ಆಗಿ ಬದಲಿಸಿಕೊಳ್ಳುತ್ತದೆ; ಇನ್ನೊಂದು ಕಿಣ್ವ ಅದನ್ನು ನಮ್ಮದೇ ಡಿಎನ್‌ಎಯೊಳಗೆ ಹೊಲಿದುಬಿಡುತ್ತದೆ. ಈಗ ಬಡ ದೇಶಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ, ದಿನಕ್ಕೊಂದು ನುಂಗುವ ಮಾತ್ರೆಯಲ್ಲಿ ಮೂರು ಔಷಧಗಳಿವೆ. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಮೊದಲ ಕಿಣ್ವದ ಕೈ ಕಟ್ಟುತ್ತವೆ, ಡೊಲುಟೆಗ್ರಾವಿರ್ ಎರಡನೆಯದರದ್ದು. ಒಂದೇ ಔಷಧ ಕೊಟ್ಟರೆ ವೈರಸ್ ರೂಪ ಬದಲಿಸಿ ನುಣುಚಿಕೊಳ್ಳುತ್ತದೆ; ಮೂರರಿಂದ ಒಟ್ಟಿಗೆ ತಪ್ಪಿಸಿಕೊಳ್ಳುವುದು ಬಲು ಕಷ್ಟ. ಕೆಲವು ತಿಂಗಳಲ್ಲಿ ರಕ್ತದ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಅದು ಹಾಗೇ ಇರುವಷ್ಟು ಕಾಲ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ.

ಆದರೂ ವೈರಸ್ ಪೂರ್ತಿ ಹೋಗಿರುವುದಿಲ್ಲ. ಕೆಲವು ಕಣಗಳಲ್ಲಿ ಅದರ ಡಿಎನ್‌ಎ ಸದ್ದಿಲ್ಲದೆ ಕೂತಿರುತ್ತದೆ. ಅಲ್ಲಿಗೆ ಔಷಧದ ಆಟ ನಡೆಯದು. ಮಾತ್ರೆ ಬಿಟ್ಟರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಸೋಂಕು ಮತ್ತೆ ತಲೆ ಎತ್ತುತ್ತದೆ. ಬಿಟ್ಟು ಬಿಟ್ಟು ನುಂಗಿದರಂತೂ ಔಷಧಕ್ಕೆ ಜಗ್ಗದ ತಳಿ ಹುಟ್ಟಬಹುದು. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ದಿಢೀರನೆ ತಡೆಹಿಡಿದಾಗ ಆಫ್ರಿಕಾದ ಹಲವು ಕಡೆ ಎಚ್‌ಐವಿ ಕ್ಲಿನಿಕ್‌ಗಳು ಬಾಗಿಲು ಹಾಕಿದವು. ಆ ಸುದ್ದಿ ಓದಿದಾಗ ನನಗೆ ಸಂಕಟವಾದದ್ದು ಇದೇ ಕಾರಣಕ್ಕೆ. ಬಜೆಟ್ ಚರ್ಚೆ ಮುಗಿಯಲಿ ಎಂದು ವೈರಸ್ ಕಾಯುವುದಿಲ್ಲ.

ಹಾಗಾದರೆ ಸಾಮಾನ್ಯರ ದೇಣಿಗೆಯಿಂದ ಏನಾದೀತು? ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಅಂಚಿನ ಖಯೆಲಿಟ್ಶಾ ಎಂಬ ಬಡ ಬಡಾವಣೆಯನ್ನು ನೋಡಿ. ಹಲವು ಔಷಧಗಳನ್ನು ಜೊತೆಗೂಡಿಸುವ ಚಿಕಿತ್ಸೆ 1996ರಲ್ಲೇ ಬಂದಿತ್ತು, ಆದರೆ ಒಬ್ಬರಿಗೆ ವರ್ಷಕ್ಕೆ 10,000 ಡಾಲರ್‌ಗೂ ಮೇಲೆ ತಗಲುತ್ತಿತ್ತು. ಬಡವರಿಗೆ ಕೊಟ್ಟರೂ ವ್ಯರ್ಥ, ಅವರು ಹೊತ್ತಿಗೆ ಸರಿಯಾಗಿ ನುಂಗುವುದಿಲ್ಲ ಎಂದು ವಾದಿಸಿದ ದೊಡ್ಡ ಅಧಿಕಾರಿಗಳೂ ಇದ್ದರು. ಮೆಡ್ಸಾನ್ ಸಾನ್ ಫ್ರಾಂಟಿಯೇರ್ (ಎಂಎಸ್‌ಎಫ್) ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸೇವಾ ಸಂಸ್ಥೆಯ ವೈದ್ಯರು 2001ರಲ್ಲಿ ಖಯೆಲಿಟ್ಶಾದ ಕ್ಲಿನಿಕ್‌ಗಳಲ್ಲಿ ಚಿಕಿತ್ಸೆ ಆರಂಭಿಸಿ ಆ ವಾದವನ್ನು ಸುಳ್ಳು ಮಾಡಿದರು. ಅಲ್ಲಿನ ಹೆಚ್ಚಿನವರು ಮಾತ್ರೆ ತಪ್ಪಿಸಲಿಲ್ಲ, ಚೇತರಿಸಿಕೊಂಡರು. ಈ ಸಂಸ್ಥೆ ನಡೆಯುವುದು ಬಹುಪಾಲು ಲಕ್ಷಾಂತರ ಜನ ಕೊಡುವ ಸಣ್ಣ ಸಣ್ಣ ದೇಣಿಗೆಯಿಂದ. ಸರ್ಕಾರಗಳು ಹಿಂದೆಮುಂದೆ ನೋಡುತ್ತಿದ್ದಾಗ ಆ ದುಡ್ಡು ಒಂದು ಪುರಾವೆಯನ್ನು ಕೊಂಡುಕೊಟ್ಟಿತು. ನನ್ನ ದೃಷ್ಟಿಯಲ್ಲಿ ದಾನದ ಅತ್ಯುತ್ತಮ ಬಳಕೆ ಇದೇ.

ಅದೇ ವರ್ಷ ಫೆಬ್ರವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಈ ಸಂಸ್ಥೆಗೆ ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರ್‌ಗೆ, ಅಂದರೆ ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡಲು ಮುಂದೆ ಬಂದರು. 2002ರಲ್ಲಿ ಏಡ್ಸ್, ಕ್ಷಯ ಮತ್ತು ಮಲೇರಿಯಾ ವಿರುದ್ಧದ ಹೋರಾಟಕ್ಕೆ ಹಣ ಒದಗಿಸುವ ಗ್ಲೋಬಲ್ ಫಂಡ್ ಹುಟ್ಟಿತು. ಅದರ ಹಣದ ಸಿಂಹಪಾಲು ಸರ್ಕಾರಗಳದ್ದು. ಆದರೆ 2006ರಿಂದ ‘ರೆಡ್’ ಹೆಸರಿನ ವಸ್ತುಗಳ ಮಾರಾಟ ಮತ್ತು ಕಾರ್ಯಕ್ರಮಗಳಿಂದ ಅದಕ್ಕೆ 70 ಕೋಟಿ ಡಾಲರ್‌ಗೂ ಮಿಕ್ಕಿ ಬಂದಿದೆ. ಒಟ್ಟಾಗಿ, ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತ ಹೋದಂತೆ ಬೆಲೆ ಕುಸಿಯಿತು: 2023ರಲ್ಲಿ ಒಬ್ಬರ ವರ್ಷದ ಮಾತ್ರೆ 45 ಡಾಲರ್‌ಗಿಂತ ಕೆಳಗೆ ಬಂತು.

ಈಗ ಇದೇ ದಾರಿಯಲ್ಲಿ ಇನ್ನೊಂದು ಔಷಧ ಬರುತ್ತಿದೆ. ಲೆನಾಕಾಪವಿರ್ ಎಂಬ, ಆರು ತಿಂಗಳಿಗೊಮ್ಮೆ ಚುಚ್ಚುವ ಈ ಔಷಧ ಸೋಂಕನ್ನೇ ತಡೆಯುತ್ತದೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ನಡೆದ ಪ್ರಯೋಗದಲ್ಲಿ ಇದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ಅಮೆರಿಕದಲ್ಲಿ ಇದರ ಬೆಲೆ ವರ್ಷಕ್ಕೆ 28,000 ಡಾಲರ್ ದಾಟುತ್ತದೆ. ದಾನಿ ಸಂಸ್ಥೆಗಳ ಆರ್ಥಿಕ ಬೆಂಬಲದೊಂದಿಗೆ ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು 2027ರಿಂದ ಬಡ ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರ್‌ಗೆ ಕೊಡುವುದಾಗಿ ಒಪ್ಪಿವೆ.

ನಮ್ಮಲ್ಲಿ ಮಾತ್ರೆಗಾಗಿ ಯಾರೂ ಕೈಚಾಚಬೇಕಿಲ್ಲ. 2004ರಲ್ಲಿ ಆರಂಭವಾದ ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರಗಳಲ್ಲಿ ಅದು ಉಚಿತ. ಕೊರತೆ ಇರುವುದು ಅದರ ಆಚೀಚೆ. ಜಿಲ್ಲಾಸ್ಪತ್ರೆಗೆ ಹೋಗಿಬರುವ ಬಸ್ ಚಾರ್ಜು, ಅವತ್ತು ತಪ್ಪಿದ ಕೂಲಿ, ಮಾತ್ರೆಯ ಜೊತೆ ಹೊಟ್ಟೆಗೆ ಬೇಕಾದ ಊಟ, ಸೋಂಕಿತರ ಮಕ್ಕಳ ಶಾಲೆಯ ಖರ್ಚು. ಜೊತೆಗೆ, ಊರಲ್ಲಿ ಗೊತ್ತಾದೀತೆಂಬ ಅಂಜಿಕೆಯಿಂದ ಕೇಂದ್ರಕ್ಕೆ ಬರುವುದನ್ನೇ ಬಿಟ್ಟವರನ್ನು ಹುಡುಕಿ ಮಾತಾಡಿಸುವವರೂ ಬೇಕು. ಮೈಸೂರಿನ ಆಶೋದಯ ಸಮಿತಿಯಲ್ಲಿ ಲೈಂಗಿಕ ಕಾರ್ಯಕರ್ತರೇ ಸಂಘಟಿತರಾಗಿ ತಮ್ಮವರ ನಡುವೆ ಇಂಥ ಕೆಲಸಕ್ಕೆ ಇಳಿದಿದ್ದಾರೆ. ಕೊಡುವ ಮನಸ್ಸಿದ್ದರೆ ಹತ್ತಿರದ ಸಂಸ್ಥೆಯೊಂದನ್ನು ಹುಡುಕಿ, ಚಿಕಿತ್ಸೆ ಬಿಟ್ಟವರನ್ನು ಮರಳಿ ಕರೆತರಲು ಅವರೇನು ಮಾಡುತ್ತಾರೆ ಎಂದು ಕೇಳಿ. ಉತ್ತರ ಸರಿ ಕಂಡರೆ, ಡಿಸೆಂಬರ್ 1ರ ಏಡ್ಸ್ ದಿನಕ್ಕೊಮ್ಮೆ ಐದು ಸಾವಿರ ಕೊಡುವ ಬದಲು ತಿಂಗಳಿಗೆ ಐನೂರರಂತೆ ಕೊಡಿ. ಬಸ್ ಚಾರ್ಜು ಬೇಕಾಗುವುದು ತಿಂಗಳು ತಿಂಗಳಿಗೆ.