ಪ್ರೋಬಯಾಟಿಕ್ ಮತ್ತು ಪ್ರವಾಸದ ಭೇದಿ: ಬುಲಾರ್ಡಿ ಯೀಸ್ಟಿನಿಂದ ಶುರುಮಾಡೋಣ

'ಪ್ರೋಬಯಾಟಿಕ್ ಎಂದರೇನು?' ಎಂಬ ಎರಡು ಅಂಕದ ಪ್ರಶ್ನೆಗೆ 'ಒಳ್ಳೆಯ ಬ್ಯಾಕ್ಟೀರಿಯಾ' ಎಂದಷ್ಟೇ ಬರೆದರೆ ಉತ್ತರ ಅರ್ಧವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ–ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ಕೊಟ್ಟ ವ್ಯಾಖ್ಯೆ ಕೇಳುವುದು ಮೂರನ್ನು: ಸೂಕ್ಷ್ಮಜೀವಿ ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ಸೇವಿಸಿದವರಿಗೆ ಆರೋಗ್ಯಲಾಭ ಆಗಬೇಕು. ಇಡ್ಲಿ ಹಿಟ್ಟು ಚೆನ್ನಾಗಿ ಹುಳಿ ಬಂದಿದ್ದರೂ ಹಬೆಯಲ್ಲಿ ಬೆಂದ ಇಡ್ಲಿ ಪ್ರೋಬಯಾಟಿಕ್ ಅಲ್ಲ ಎನ್ನುವುದು ಮೊದಲ ಷರತ್ತಿನಿಂದಲೇ ಗೊತ್ತಾಗುತ್ತದೆ.

ವ್ಯಾಖ್ಯೆಯಲ್ಲಿ ಬ್ಯಾಕ್ಟೀರಿಯಾ ಎಂಬ ಮಾತೇ ಇಲ್ಲ, ಗಮನಿಸಿ. 1920ರ ದಶಕದ ಆರಂಭದಲ್ಲಿ ಫ್ರೆಂಚ್ ವಿಜ್ಞಾನಿ ಆನ್ರಿ ಬುಲಾರ್ ಇಂಡೋಚೈನಾದಲ್ಲಿದ್ದಾಗ, ಕಾಲರಾ ಹಬ್ಬಿದ ಊರುಗಳ ಜನ ಲಿಚಿ, ಮ್ಯಾಂಗೋಸ್ಟೀನ್ ಹಣ್ಣಿನ ಸಿಪ್ಪೆಯಿಂದ ಭೇದಿಗೆ ಮದ್ದು ಮಾಡಿಕೊಳ್ಳುವುದನ್ನು ಕಂಡರು. ಆ ಸಿಪ್ಪೆಯಿಂದ ಅವರು ಬೇರ್ಪಡಿಸಿದ್ದು ಒಂದು ಯೀಸ್ಟ್, ಅಂದರೆ ಬ್ಯಾಕ್ಟೀರಿಯಾ ಅಲ್ಲದ ಒಂದು ಶಿಲೀಂಧ್ರ: ಸ್ಯಾಕರೋಮೈಸೀಸ್ ಬುಲಾರ್ಡಿ. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಯೀಸ್ಟ್ ಆದ್ದರಿಂದ ಆ್ಯಂಟಿಬಯಾಟಿಕ್ ಇದನ್ನು ಕೊಲ್ಲುವುದಿಲ್ಲ. ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಗುಳಿಗೆಗೆ ಆ ಅನುಕೂಲವಿಲ್ಲ. ಫ್ಲುಕೊನಜೋಲ್‌ನಂಥ ಶಿಲೀಂಧ್ರನಾಶಕದ ಮುಂದೆ ಮಾತ್ರ ಬುಲಾರ್ಡಿ ಉಳಿಯದು.

ಹಾಗಾದರೆ ವಿದೇಶಕ್ಕೆ ಹೊರಟವರೆಲ್ಲ ಇದನ್ನು ಕೊಂಡೊಯ್ಯಬೇಕೆ? ಪ್ರವಾಸಿಗಳ ಭೇದಿಗೆ ಹೆಚ್ಚಾಗಿ ಕಾರಣವಾಗುವುದು ವಿಷ ಸ್ರವಿಸುವ ಇ. ಕೋಲಿ ಬ್ಯಾಕ್ಟೀರಿಯಾ. ಈ ಭೇದಿಯನ್ನು ತಡೆಯಲು ಅಥವಾ ಗುಣಪಡಿಸಲು ಪ್ರೋಬಯಾಟಿಕ್ ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಎಂದು ಪ್ರವಾಸ ವೈದ್ಯಕೀಯದ ಅಂತರರಾಷ್ಟ್ರೀಯ ತಜ್ಞರ 2017ರ ಮಾರ್ಗಸೂಚಿ ಹೇಳಿತು. ಸೂಕ್ಷ್ಮಜೀವಿಯ ಒಂದು ತಳಿಯ ಫಲಿತಾಂಶ ಇನ್ನೊಂದು ತಳಿಗೆ ಅನ್ವಯಿಸದು. ಅಂಗಡಿಯ ಡಬ್ಬಿಗಳ ಮೇಲೆ ಎಷ್ಟೋ ಸಲ ತಳಿಯ ಹೆಸರೇ ಪೂರ್ತಿ ಇರುವುದಿಲ್ಲ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ, ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿರುವವರಲ್ಲಿ ಬುಲಾರ್ಡಿ ರಕ್ತಕ್ಕೇ ಸೇರಿದ ಪ್ರಕರಣಗಳಿವೆ. ಅಂಥವರಿಗೆ ಇದು ಬೇಡ.

ಚೀಲದಲ್ಲಿ ಮೊದಲು ಇರಬೇಕಾದದ್ದು ಓಆರ್‌ಎಸ್, ಅಂದರೆ ನೀರಿಗೆ ಬೆರೆಸಿ ಕುಡಿಯುವ ಗ್ಲೂಕೋಸ್–ಲವಣದ ಪುಡಿ. ಇ. ಕೋಲಿಯ ವಿಷ ಕರುಳಿನಿಂದ ನೀರು, ಲವಣವನ್ನು ಹೊರದಬ್ಬುತ್ತಿದ್ದರೂ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಸೇರುವ ದಾರಿ ತೆರೆದೇ ಇರುತ್ತದೆ, ನೀರೂ ಅವುಗಳ ಹಿಂದೆ ಹೋಗುತ್ತದೆ. 20.5 ಗ್ರಾಂ ಪುಡಿಗೆ ಕುದಿಸಿ ಆರಿಸಿದ ಅಥವಾ ಸೀಲ್ ಒಡೆಯದ ಬಾಟಲಿಯ ಒಂದು ಲೀಟರ್ ನೀರು. ಚಿಕ್ಕ ಪೊಟ್ಟಣಗಳೂ ಸಿಗುತ್ತವೆ, ಅಳತೆ ಓದಿಯೇ ಬೆರೆಸಿ. ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.