ಆ ಹುಡುಗನನ್ನು ಅಟ್ಟಿಸಿಕೊಂಡು ಹೋಗಬೇಡಿ

ಗಾಂಜಾ ಸಿಕ್ಕಿಬಿದ್ದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಆದರೆ ರೈಲು ನಿಲ್ದಾಣದ ಬದಿಯಲ್ಲಿ ಚಿಂದಿ ಆಯುವ ಮಗುವಿಗೆ ಸುಲಭವಾಗಿ ಸಿಗುವ ಅಮಲು ಪಂಕ್ಚರ್ ಹಾಕುವ ಸಲ್ಯೂಷನ್, ಬಣ್ಣಕ್ಕೆ ಬೆರೆಸುವ ಥಿನ್ನರ್; ಬಟ್ಟೆಯ ಚೂರಿಗೆ ಹಾಕಿಕೊಂಡು ಅದನ್ನು ಮೂಸುತ್ತಾರೆ. 2019ರಲ್ಲಿ ಪ್ರಕಟವಾದ, ದೆಹಲಿಯ ಏಮ್ಸ್ ನೇತೃತ್ವದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೊಡ್ಡವರಿಗಿಂತ ಮಕ್ಕಳಲ್ಲೇ ಬಳಕೆಯ ಪ್ರಮಾಣ ಹೆಚ್ಚಾಗಿರುವುದು ಹೀಗೆ ಮೂಸುವ ಅಮಲು ಪದಾರ್ಥಗಳದ್ದು ಮಾತ್ರ: ವಯಸ್ಕರಲ್ಲಿ ಶೇ 0.58, 10ರಿಂದ 17 ವರ್ಷದವರಲ್ಲಿ ಶೇ 1.17. ನೆರವಿನ ಅಗತ್ಯವಿರುವ ಮಕ್ಕಳು ಸುಮಾರು 4.6 ಲಕ್ಷ.

ಇಂಥ ಹಲವು ಪದಾರ್ಥಗಳಲ್ಲಿರುವ ಟಾಲುಯೀನ್ ಕೊಬ್ಬಿನಲ್ಲಿ ಕರಗುವ ದ್ರಾವಕ. ಶ್ವಾಸಕೋಶದಿಂದ ರಕ್ತಕ್ಕೆ, ಅಲ್ಲಿಂದ ಮಿದುಳಿಗೆ ಅದು ಕೆಲವೇ ಕ್ಷಣಗಳಲ್ಲಿ ತಲುಪುತ್ತದೆ. ಹಸಿವು, ಭಯ ಸ್ವಲ್ಪ ಹೊತ್ತು ಮರೆಯಾಗುತ್ತವೆ. ಹೊಟ್ಟೆಗಿಲ್ಲದೆ ಬಯಲಲ್ಲಿ ಮಲಗುವ ಮಗು ಅದನ್ನೇಕೆ ಹುಡುಕುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ವರ್ಷಗಟ್ಟಲೆ ಮುಂದುವರಿದರೆ ನರತಂತುಗಳನ್ನು ಸುತ್ತಿರುವ, ಕೊಬ್ಬಿನಂಶವೇ ಹೆಚ್ಚಾಗಿರುವ ಮಯಲಿನ್ ಪೊರೆ ಹಾಳಾಗುತ್ತದೆ. ನಡಿಗೆ ತೂರಾಡುತ್ತದೆ, ನೆನಪು ಕುಂದುತ್ತದೆ. ಮೂತ್ರಪಿಂಡ ಪೊಟ್ಯಾಸಿಯಂ ಉಳಿಸಿಕೊಳ್ಳಲಾರದೆ ಕೈಕಾಲು ಸೋತು ಎದ್ದು ನಿಲ್ಲಲಾಗದ ಸ್ಥಿತಿಯಲ್ಲಿ ಕೆಲವರು ಆಸ್ಪತ್ರೆ ಸೇರುತ್ತಾರೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೃದಯದ ಸಂಗತಿ. ಈ ದ್ರಾವಕಗಳು ಹೃದಯದ ಸ್ನಾಯುವನ್ನು, ಹೆದರಿದಾಗ ದೇಹದಲ್ಲಿ ಉಕ್ಕುವ ಅಡ್ರಿನಲಿನ್ ಎಂಬ ಹಾರ್ಮೋನಿಗೆ ಅತಿಯಾಗಿ ಸ್ಪಂದಿಸುವಂತೆ ಮಾಡುತ್ತವೆ. ಆಗ ಯಾರಾದರೂ ಗದರಿಸಿದರೆ, ಲಾಠಿ ಎತ್ತಿದರೆ, ಹುಡುಗ ಹೆದರಿ ಓಡಿದರೆ, ಉಕ್ಕುವ ಅಡ್ರಿನಲಿನ್‌ಗೆ ಹೃದಯದ ಲಯವೇ ತಪ್ಪಿ ಅವನು ಅಲ್ಲೇ ಕುಸಿದು ಸಾಯಬಹುದು. ಮೊದಲ ಸಲ ಮೂಸಿದವನಿಗೂ ಹೀಗಾಗಬಹುದು. 1970ರಲ್ಲೇ ಅಮೆರಿಕದ ವೈದ್ಯ ಮಿಲ್ಲರ್ಡ್ ಬಾಸ್ ಇಂಥ 110 ಸಾವುಗಳನ್ನು ದಾಖಲಿಸಿದ್ದರು. ಇಷ್ಟು ಹಳೆಯ ತಿಳಿವಳಿಕೆ ನಮ್ಮ ಬೀಟ್ ಪೊಲೀಸರಿಗೂ ಅಂಗಡಿಯವರಿಗೂ ಇಂದಿಗೂ ತಲುಪಬೇಕಾಗಿದೆ. ಕಳ್ಳನೆಂದು ಅಟ್ಟಿಸುವುದೇ ಇಲ್ಲಿ ಕೊಲ್ಲಬಲ್ಲದು.

ಮಾಡಬೇಕಾದದ್ದು ಕಷ್ಟದ್ದಲ್ಲ. ಮಗುವನ್ನು ಗಾಬರಿಗೊಳಿಸದೆ ಗಾಳಿಯಾಡುವ ಕಡೆ ಕೂರಿಸಿ, ಬಟ್ಟೆಯ ಚೂರನ್ನು ದೂರವಿಡಬೇಕು. ಮಂಪರಿನಲ್ಲಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ ಆಂಬುಲೆನ್ಸ್ ಕರೆಯಬೇಕು. ಈ ವಿಷಕ್ಕೆ ಪ್ರತಿಮದ್ದಿಲ್ಲ. ಗಾಂಜಾ, ಹೆರಾಯಿನ್ ಹುಡುಕುವ ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಇದು ಸಿಗುವುದೂ ಇಲ್ಲ. ಹಾಗಾಗಿ ಬಾಯಿಯ ವಾಸನೆ, ತುಟಿಯ ಸುತ್ತಲಿನ ಗುಳ್ಳೆ, ಬಟ್ಟೆಗಂಟಿದ ಬಣ್ಣ ಇವನ್ನೆಲ್ಲ ಕಂಡವರು ವೈದ್ಯರಿಗೆ ಹೇಳಬೇಕು. ಮಕ್ಕಳ ಸಹಾಯವಾಣಿ 1098, ವ್ಯಸನಮುಕ್ತಿಗೆ 14446. ಬಿಟ್ಟ ಮೇಲೆ ಎಳೆಯ ಮಿದುಳು ಒಂದಷ್ಟು ಚೇತರಿಸಿಕೊಳ್ಳುತ್ತದೆ, ಆದರೆ ಆ ಬಿಡುವಿಕೆ ಉಳಿಯಲು ಊಟ, ಸೂರು, ಶಾಲೆ ಔಷಧದಷ್ಟೇ ಮುಖ್ಯ.