ಬ್ಯಾಕ್‌ಲಿಂಕ್: ಗಿರಾಕಿ ಹಾಕುವ ಕೊಂಡಿ

ಸಾಗರದ ಪೇಟೆಯಲ್ಲಿ ಅಪ್ಪೆಮಿಡಿ ಕೊಳ್ಳುವವರನ್ನು ನೋಡಿದ್ದೀರಾ? ರಾಶಿಯಿಂದ ಒಂದು ಮಿಡಿ ಎತ್ತಿಕೊಳ್ಳುತ್ತಾರೆ. ತೊಟ್ಟು ಮುರಿದು ಸೊನೆ ಮೂಸುತ್ತಾರೆ. ಜೀರಿಗೆಯದೋ ಕರ್ಪೂರದ್ದೋ ಪರಿಮಳ ಬಂದರೆ ಮಾತ್ರ ದರದ ಮಾತು. ಇನ್ನು ಕೆಲವರು ಮೂಸುವುದೂ ಇಲ್ಲ. ಪಕ್ಕದ ಮನೆಯವರು "ಹೋದ ವರ್ಷ ಇವರ ಹತ್ತಿರವೇ ತಗೊಂಡಿದ್ವಿ, ಭರಣಿಯಲ್ಲಿ ಇನ್ನೂ ಗಟ್ಟಿಯಾಗೇ ಇದೆ" ಅಂದರೆ ಸಾಕು, ಚೀಲ ತುಂಬಿಸಿಕೊಳ್ಳುತ್ತಾರೆ.

ನನ್ನ ಅತ್ತಿಗೆ ಮಿಡಿ ಉಪ್ಪಿನಕಾಯಿ ಹಾಕಿ ಆನ್‌ಲೈನಲ್ಲಿ ಮಾರುತ್ತಾರೆ. ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನದು. ಅಲ್ಲಿ ಯಾರಿಗೂ ಸೊನೆ ಮೂಸಲು ಆಗುವುದಿಲ್ಲ. ಹಾಗಾಗಿ ಪಕ್ಕದ ಮನೆಯವರ ಆ ಒಂದು ಮಾತಿಗೆ ಬೆಲೆ ಜಾಸ್ತಿ. ಇಂಟರ್ನೆಟ್ಟಿನಲ್ಲಿ ಆ ಮಾತಿಗೆ ಬ್ಯಾಕ್‌ಲಿಂಕ್ ಅಂತ ಹೆಸರು.

ಬೇರೆಯವರ ವೆಬ್ ಪುಟದಿಂದ ನಿಮ್ಮ ಪುಟಕ್ಕೆ ಬರುವ ಲಿಂಕ್ ನಿಮ್ಮ ಪಾಲಿಗೆ ಬ್ಯಾಕ್‌ಲಿಂಕ್. ಇಷ್ಟೇ ಅರ್ಥ. ಲಿಂಕಿಗೆ ಕನ್ನಡದಲ್ಲಿ ಕೊಂಡಿ ಅನ್ನುತ್ತೇವೆ. ಆ ಪದ ನನಗೆ ತುಂಬಾ ಇಷ್ಟ. ಕೊಂಡಿ ತಾನಾಗಿ ಬೀಳುವುದಿಲ್ಲ, ಯಾರಾದರೂ ಕೈಯಾರೆ ಹಾಕಬೇಕು.

ಇದಕ್ಕೆ ಇಷ್ಟು ತೂಕ ಬಂದದ್ದು ಗೂಗಲ್‌ನಿಂದ. ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, ಹುಡುಕಿದವರಿಗೆ ಯಾವ ಪುಟ ಮೇಲೆ ಕಾಣಬೇಕು ಅಂತ ತೀರ್ಮಾನಿಸಲು ಪೇಜ್‌ರ‍್ಯಾಂಕ್ ಎಂಬ ಲೆಕ್ಕಾಚಾರ ಕಟ್ಟಿದರು. 1998ರಲ್ಲಿ ಗೂಗಲ್ ಕಂಪನಿ ಶುರುವಾಯಿತು. ಒಂದು ಪುಟಕ್ಕೆ ಬರುವ ಪ್ರತಿ ಲಿಂಕನ್ನೂ ಒಂದು ಮತದ ಹಾಗೆ ಎಣಿಸುವುದು ಆ ಲೆಕ್ಕದ ತಿರುಳು. ಎಲ್ಲ ಮತಕ್ಕೂ ಒಂದೇ ತೂಕ ಇಲ್ಲ. ಹಲವರು ಲಿಂಕ್ ಕೊಟ್ಟಿರುವ ಪುಟ ನಿಮಗೆ ಲಿಂಕ್ ಕೊಟ್ಟರೆ ಅದು ಹೆಚ್ಚು ತೂಗುತ್ತದೆ. ಊರಲ್ಲೂ ಹಾಗೇ ಅಲ್ವಾ? ಇವತ್ತು ಗೂಗಲ್ ಇನ್ನೂ ಹಲವು ವಿಷಯ ನೋಡುತ್ತದೆ. ಆದರೂ ಲಿಂಕನ್ನು ಲೆಕ್ಕದಿಂದ ಬಿಟ್ಟಿಲ್ಲ.

ನಾನು ಶುರುವಿನಲ್ಲಿ ಎಡವಿದ್ದು ಒಂದು ಕಡೆ. ನಮ್ಮ ಗಿರಾಕಿಗಳು ವಾಟ್ಸಾಪ್ ಗುಂಪುಗಳಲ್ಲಿ ಅಂಗಡಿಯ ಲಿಂಕ್ ಹಂಚುತ್ತಿದ್ದರು. ಬೇಕಾದಷ್ಟು ಬ್ಯಾಕ್‌ಲಿಂಕ್ ಸಿಕ್ಕಿತು ಅಂದುಕೊಂಡಿದ್ದೆ. ವಾಟ್ಸಾಪ್ ಮಾತುಕತೆ ಗೂಗಲ್‌ಗೆ ಕಾಣುವುದೇ ಇಲ್ಲ. ಇನ್‌ಸ್ಟಾಗ್ರಾಂ ಪೋಸ್ಟಿನ ಬರಹದಲ್ಲಿ ಹಾಕಿದ ವಿಳಾಸವನ್ನು ಒತ್ತಿದರೆ ಸಾಮಾನ್ಯವಾಗಿ ತೆರೆಯುವುದಿಲ್ಲ. ಗೂಗಲ್ ಮ್ಯಾಪಿನಲ್ಲಿ ಬರೆದ ರಿವ್ಯೂ ಒಳ್ಳೆಯದೇ, ಆದರೆ ಅದೂ ಬ್ಯಾಕ್‌ಲಿಂಕ್ ಅಲ್ಲ. ಇವುಗಳಿಂದ ವ್ಯಾಪಾರ ಖಂಡಿತ ಬರುತ್ತದೆ. ಬ್ಯಾಕ್‌ಲಿಂಕ್ ಆಗಬೇಕಾದರೆ ಮಾತ್ರ ಎಲ್ಲರಿಗೂ ತೆರೆದಿರುವ ಒಂದು ವೆಬ್ ಪುಟ ಬೇಕು.

ಹಾಗಾದರೆ ಗಿರಾಕಿಗಳಲ್ಲಿ ಸ್ವಂತ ಪುಟ ಇರುವವರು ಯಾರು? ಈ ಪ್ರಶ್ನೆ ಇಟ್ಟುಕೊಂಡು ಹಳೆಯ ಆರ್ಡರ್‌ಗಳನ್ನು ಒಂದೊಂದಾಗಿ ನೋಡಿದೆ. ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇ ಸಿಕ್ಕಿತು. ಸ್ವಂತ ಸೈಟಿನಲ್ಲಿ ಅಡುಗೆ ಬರೆಯುವ ಒಬ್ಬರು ಸಿಕ್ಕರು. ಬೆಂಗಳೂರಿನಲ್ಲಿರುವ ನಮ್ಮ ಕಡೆಯವರ ಒಂದು ಸಂಘ, ಮೈಸೂರಿನ ಒಂದು ಅಂಗಡಿ. ನಾಲ್ಕೇ ನಾಲ್ಕು. ಆದರೆ ನಾಲ್ವರೂ ಎರಡು, ಮೂರು ಸಲ ತರಿಸಿಕೊಂಡವರು. ಮೊದಲ ಡಬ್ಬಿ ಮುಗಿಸಿ ಮತ್ತೆ ಬಂದವರಿಗೆ ಮಿಡಿ ಹಿಡಿಸಿದೆ ಅಂತ ಬೇರೆ ಹೇಳಬೇಕಾಗಿಲ್ಲ.

ಕೇಳುವುದು ಹೇಗೆ? ಅತ್ತಿಗೆಗೆ ಸಂಕೋಚ. "ತಿಂದವರ ಹತ್ತಿರ ಹೋಗಿ ನಮ್ಮನ್ನು ಹೊಗಳಿ ಅಂತ ಹೇಗೆ ಕೇಳೋದು?" ಅಂದರು. ಹೊಗಳಿ ಅಂತ ಕೇಳಲೇಬಾರದು. ಅವರಾಗಿಯೇ ಹೇಳಿದ ಮಾತನ್ನು ಅವರ ಪುಟದಲ್ಲಿ ಬರೆಯಬಹುದಾ ಅಂತ ಕೇಳಬಹುದು. ಹೋಂಸ್ಟೇಯವರು ಒಮ್ಮೆ ಫೋನಿನಲ್ಲಿ, ಊಟಕ್ಕೆ ಕೂತವರೆಲ್ಲ ಉಪ್ಪಿನಕಾಯಿ ಎಲ್ಲಿಯದು ಅಂತ ಕೇಳುತ್ತಾರೆ, ಹೇಳಿ ಹೇಳಿ ಸಾಕಾಯಿತು ಅಂದಿದ್ದರು. ಅದನ್ನೇ ಹಿಡಿದು ಬರೆದೆವು: "ಅಕ್ಕಾ, ಕೇಳಿದವರಿಗೆಲ್ಲ ಹೇಳಿ ಸಾಕಾಗಿದೆ ಅಂದಿದ್ರಲ್ಲ. ನಿಮ್ಮ ಊಟದ ಪುಟದಲ್ಲಿ ಒಂದು ಸಾಲು ಬರೆದು ಈ ಲಿಂಕ್ ಹಾಕಿದರೆ ಅವರೇ ನೋಡಿಕೊಳ್ಳುತ್ತಾರೆ. ಅನುಕೂಲ ಆದರೆ ಮಾತ್ರ." ಕೆಳಗೆ ಜೀರಿಗೆ ಮಿಡಿ ಪುಟದ ವಿಳಾಸ ಕೊಟ್ಟೆವು. ಅಂಗಡಿಯ ಮುಂಬಾಗಿಲಿಗಿಂತ ಅವರು ತಿಂದ ಪದಾರ್ಥದ ಪುಟವನ್ನೇ ಕೊಡುವುದು ಒಳ್ಳೆಯದು.

ಲಿಂಕ್ ಕೂರುವ ಪದಗಳಿಗೆ ಆಂಕರ್ ಟೆಕ್ಸ್ಟ್ ಅನ್ನುತ್ತಾರೆ. "ಇಲ್ಲಿ ಒತ್ತಿ" ಎನ್ನುವುದಕ್ಕಿಂತ "ಜೀರಿಗೆ ಮಿಡಿ ಉಪ್ಪಿನಕಾಯಿ" ಎಂದಿದ್ದರೆ ಓದುವವರಿಗೂ ಗೂಗಲ್‌ಗೂ ವಿಷಯ ತಿಳಿಯುತ್ತದೆ. ಆದರೆ ನಾವೇ ಒಂದು ಸಾಲು ಬರೆದು ಎಲ್ಲರಿಗೂ ಹಂಚುವುದು ನನಗೆ ಸರಿ ಕಾಣುವುದಿಲ್ಲ. ನಾಲ್ಕು ಕಡೆ ಅದೇ ಮಾತು ಇದ್ದರೆ ಅದು ಗಿರಾಕಿಯ ಮಾತಾಗಿ ಉಳಿಯುವುದಿಲ್ಲ.

ದುಡ್ಡಿನ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಇದಕ್ಕೆ ಮುಂಚೆ ಒಬ್ಬರು ಸಾವಿರ ಲಿಂಕ್ ಕೊಡಿಸುತ್ತೇನೆ ಅಂದಾಗ ನಾನು ದುಡ್ಡು ಕೊಟ್ಟುಬಿಟ್ಟೆ. ಲಿಂಕ್‌ಗಳು ಬಂದವು, ಯಾವುದೋ ದೇಶದ ಜೂಜಿನ ಸೈಟುಗಳಿಂದ. ಒಬ್ಬ ಗಿರಾಕಿಯೂ ಬರಲಿಲ್ಲ. ಅತ್ತಿಗೆ ಬೆಳಗಾಗೆದ್ದು ಉಪ್ಪು ಕಾರ ಅರೆದು ಗಳಿಸಿದ ದುಡ್ಡು ಅದು. ಇವತ್ತಿಗೂ ಬೇಜಾರಾಗುತ್ತದೆ. ಇಂಥ ಲಿಂಕ್‌ಗಳನ್ನು ಹಿಡಿಯಲೆಂದೇ ಗೂಗಲ್ 2012ರಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ತಂದಿತು. ಲಿಂಕ್ ಹಾಕಿದರೆ ಒಂದು ಡಬ್ಬಿ ಪುಕ್ಕಟೆ ಅನ್ನುವುದೂ ಗೂಗಲ್ ನಿಯಮದಲ್ಲಿ ಲಿಂಕ್ ಕೊಂಡ ಹಾಗೆಯೇ. ಪುಕ್ಕಟೆ ಕೊಟ್ಟಿದ್ದರೆ, ಇದನ್ನು ಮತವಾಗಿ ಎಣಿಸಬೇಡಿ ಅಂತ ಗೂಗಲ್‌ಗೆ ತಿಳಿಸಲು ಆ ಲಿಂಕಿಗೆ ನೋಫಾಲೋ ಅಥವಾ ಸ್ಪಾನ್ಸರ್ಡ್ ಎಂಬ ಗುರುತು ಹಾಕಿಸಬೇಕು. ನೋಫಾಲೋ 2005ರಲ್ಲಿ ಬಂದದ್ದು, ಸ್ಪಾನ್ಸರ್ಡ್ 2019ರಲ್ಲಿ. ಓದುವವರಿಗೂ ಆ ವಿಷಯ ತಿಳಿಸಬೇಕು. ನಾವು ಸುಮ್ನೆ ಏನೂ ಕೊಡುವುದಿಲ್ಲ, ಥ್ಯಾಂಕ್ಸ್ ಹೇಳಿ ಒಂದು ಕಾಗದ ಬರೆಯುತ್ತೇವೆ.

ಬಂದ ಲಿಂಕನ್ನು ಕಾಪಾಡಿಕೊಳ್ಳುವ ಕೆಲಸವೂ ಇದೆ. ಒಮ್ಮೆ ಸೈಟನ್ನು ಹೊಸದಾಗಿ ಕಟ್ಟಿದಾಗ ಮಿಡಿಯ ಪುಟದ ವಿಳಾಸ ಬದಲಾಯಿತು. ಹೋಂಸ್ಟೇ ಪುಟದಿಂದ ಬಂದವರಿಗೆ "ಪುಟ ಸಿಗಲಿಲ್ಲ" ಅಂತ ತೋರಿಸುತ್ತಿತ್ತು. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಏರ್ಪಾಡಿಗೆ 301 ರೀಡೈರೆಕ್ಟ್ ಅನ್ನುತ್ತಾರೆ. ಅದನ್ನು ಹಾಕಿದ ಮೇಲೆ ದಾರಿ ಸರಿಹೋಯಿತು.

ಹೋಂಸ್ಟೇಯವರು ಬರೆದ ಸಾಲು ಹೀಗಿದೆ: "ಗಂಜಿ ಊಟದ ಜೊತೆ ನೀವು ಕೇಳಿ ಹಾಕಿಸಿಕೊಂಡ ಜೀರಿಗೆ ಮಿಡಿ ಇವರದು." ಮಳೆಗಾಲದಲ್ಲಿ ಆಗುಂಬೆ ನೋಡಲು ಬಂದು ಅಲ್ಲಿ ಉಳಿದವರು ಊರಿಗೆ ಮರಳಿದ ಮೇಲೆ ಆ ಸಾಲು ಒತ್ತಿ ನಮ್ಮಲ್ಲಿಗೆ ಬರುತ್ತಾರೆ. ಹಾಗೆ ಬಂದ ಮೊದಲ ಆರ್ಡರಿನಲ್ಲಿ "ಅಲ್ಲಿ ಬಡಿಸಿದ್ದೇ ಬೇಕು" ಅಂತ ಬರೆದಿತ್ತು. ಅತ್ತಿಗೆ ಹೋಂಸ್ಟೇಗೆ ತೆಗೆದಿಟ್ಟಿದ್ದ ಭರಣಿಯಿಂದಲೇ ಡಬ್ಬಿ ತುಂಬಿಸಿದರು.